ಮಾದಪ್ಪ ಭಾವ ಕೈ ಕಟ್ಟಿಸಿಕೊಂಡದ್ದು

ನಮ್ಮ ಮಾದಪ್ಪ ಭಾವನ ಕಣ್ಣಿಗೆ ಕೆಲಸವೊಂದು ಬಿದ್ದರೆ ಮುಗಿಯಿತು, ಕೈ ತಾನೇ ಮುಂದೆ ಹೋಗುತ್ತದೆ. ಕೊಳ್ಳೇಗಾಲದ ಕಡೆಯವರು. ಸಿಪಾಯಿಯಾಗಿ ಸೈನ್ಯ ಸೇರಿ, ಹವಾಲ್ದಾರರಾಗಿ ಕೋಲ್ಕತ್ತದ ಫೋರ್ಟ್ ವಿಲಿಯಂಗೆ ಬಂದಿದ್ದರು. ನನಗೆ ಅದೇ ಊರಿನ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿದ ಮೇಲೆ ನಾನೂ ಅಕ್ಕ ಕೋಕಿಲಾಳ ಮನೆಯಲ್ಲೇ ಬಿಡಾರ ಹೂಡಿದೆ. ಆಫೀಸ್ ಕ್ಯಾಬ್ ಬರುವಷ್ಟರಲ್ಲಿ ನನ್ನ ಊಟದ ಡಬ್ಬಿ ಕಟ್ಟುತ್ತಿದ್ದವರೂ ಭಾವನೇ. ಇಂಥವರನ್ನು ಬೈಯಬಾರದು, ಆದರೂ ಬೈದೆ.

ಯಾಕೆಂದರೆ ಭಾವನಿಗೆ ಅಧಿಕಾರಿಯಾಗುವ ಆಸೆ. ಸೈನ್ಯದೊಳಗಿನವರಿಗೂ ಆ ದಾರಿಯಿದೆ. ಆಯ್ಕೆ ಮಂಡಳಿ ಒಪ್ಪಿದರೆ ತರಬೇತಿ, ಆಮೇಲೆ ಹೆಗಲಿಗೆ ನಕ್ಷತ್ರ. ಮೊದಲ ಸಲ ಹೋಗಿ ಫೇಲಾಗಿ ಬಂದರು. ತಂಡವನ್ನು ಹಲಗೆ, ಹಗ್ಗಗಳ ಸಹಾಯದಿಂದ ಹಳ್ಳ ದಾಟಿಸಬೇಕಿತ್ತಂತೆ. ಇವರು ಹಲಗೆ ತಾವೇ ಹೊತ್ತು, ಹಗ್ಗ ತಾವೇ ಬಿಗಿದು ಬೆವರು ಸುರಿಸುತ್ತಿದ್ದರೆ ತಂಡದವರು ಆರಾಮಾಗಿ ನೋಡುತ್ತ ನಿಂತಿದ್ದರಂತೆ! ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಉಳಿದದ್ದು ಇನ್ನೊಂದೇ ಅವಕಾಶ.

"ನಮ್ ಟೀಮ್ ಲೀಡ್ ಕೀಬೋರ್ಡೇ ಮುಟ್ಟಲ್ಲ ಭಾವ, ಎಲ್ಲಾ ನಮ್ ಕೈಲೇ ಮಾಡಿಸ್ತಾರೆ. ನೀವೂ ಕಲೀರಿ" ಎಂದು ರೇಗಿದೆ.

"ಕಣ್ಮುಂದೆ ಭಾರ ಇಟ್ಕಂಡು ಸುಮ್ನೆ ನಿಂತ್ಕೊಳೋದು ಹೆಂಗಮ್ಮ ಸಿಂಧೂರ?" ಎಂದರು, ಪಾಪ.

ಆ ತಿಂಗಳೇ ಸಿಯಾಲ್ದಾ ಸ್ಟೇಷನ್ ಹತ್ತಿರಕ್ಕೆ ಮನೆ ಬದಲಾಯಿಸಿದೆವು. ಮೂರನೇ ಮಹಡಿ, ಇಕ್ಕಟ್ಟಾದ ಮೆಟ್ಟಿಲು, ಅಕ್ಕನ ಕಬ್ಬಿಣದ ಬೀರು. ದುರ್ಗಾಪೂಜೆಯ ಪೆಂಡಾಲ್ ಕಟ್ಟಿ ಪಳಗಿದ ಬೀದಿಯ ಕ್ಲಬ್ಬಿನವರು ಸಹಾಯಕ್ಕೆ ಬಂದರು. ಭಾವ ಅಂಗಿಯ ತೋಳು ಮಡಿಚಿದ್ದೇ ತಡ, ಅಕ್ಕ ಕೆಂಪು ಚೌಕಳಿ ಟವೆಲ್ಲಿನಿಂದ ಅವರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಬಿಟ್ಟಳು.

"ಬೀರು ಮೇಲೆ ಹೋಗೋಗಂಟ ಬಿಚ್ಚಲ್ಲ. ಬಾಯಲ್ಲೇ ಮಾಡ್ಸಿ ನೋಡಣ."

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಎಲ್ಲರದೂ ಒಂದೊಂದು ಕೂಗು. ಭಾವ ಹೆಗಲು ಕೊಡಲು ಹೋದರು, ಅಕ್ಕ ಕಣ್ಣು ಕೆಕ್ಕರಿಸಿದಳು. ವಿಧಿಯಿಲ್ಲದೆ ನಿಂತು ನೋಡಿದರು. ಆಮೇಲೆ "ರುಕೋ!" ಎಂದರು. ಗದ್ದಲ ಅಡಗಿತು. ಬೀರುವಿನ ಬಾಗಿಲು ಬಿಚ್ಚಿಸಿದರು, ಅಡ್ಡ ಹಿಡಿದಿದ್ದನ್ನು ನೆಟ್ಟಗೆ ನಿಲ್ಲಿಸಲು ಹೇಳಿದರು, ಬಲವಾದವನನ್ನು ಕೆಳಗೂ ಸಪೂರದವನನ್ನು ಮೂಲೆಗೂ ಕಳಿಸಿದರು. ಬೀರು ಸಲೀಸಾಗಿ ಮೇಲೆ ಹೋಯಿತು. ಭಾವನಿಗೇ ಆಶ್ಚರ್ಯ! ನನಗಂತೂ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಎರಡನೇ ಸಲ ಮಂಡಳಿಯವರು ಆರಿಸಿದರು. ಹಳ್ಳದ ಹತ್ತಿರ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದರಂತೆ.

ತರಬೇತಿ ಮುಗಿದ ದಿನ ಹೆಗಲಿಗೆ ನಕ್ಷತ್ರ ತೊಡಿಸಲು ಅಕ್ಕ ನಿಂತಳು. ದಪ್ಪ ಬಟ್ಟೆಗೆ ಪಿನ್ನು ಇಳಿಯಲೊಲ್ಲದು. ಭಾವನ ಕೈ ತಾನಾಗಿ ಮೇಲೆದ್ದಿತು.

"ಕೈ ಹಿಂದೆ!" ಅಕ್ಕ ಅಳುತ್ತಲೇ ಗದರಿದಳು.

ಲೆಫ್ಟಿನೆಂಟ್ ಮಾದಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಅಕ್ಕ ನಿಧಾನವಾಗಿ ತಾನೇ ತೊಡಿಸಿದಳು.