ಸಾಸಿನ ಬಾಟ್ಲಿಗೆ ನನ್ನ ಕೈಗುಣ

ಪೈವಳಿಕೆಯ ನಮ್ಮ ಆಸುಪಾಸಿನಲ್ಲಿ ನನ್ನ ಕೈಗುಣಕ್ಕೆ ಭಾರೀ ಹೆಸರು. ನಾನು ಹಾಕಿದ ಮಿಡಿ ಉಪ್ಪಿನಕಾಯಿ ಮೂರು ವರ್ಷವಾದರೂ ಕೆಡುವುದಿಲ್ಲ. ನೆರೆಮನೆಯವರು ಭರಣಿ ತುಂಬಿಸುವ ದಿನ ನನ್ನನ್ನು ಕರೆದು ಮೊದಲ ಹಿಡಿ ಉಪ್ಪನ್ನು ನನ್ನಿಂದಲೇ ಹಾಕಿಸುತ್ತಾರೆ. ಇಷ್ಟು ಮರ್ಯಾದೆ ಸಿಕ್ಕಿದ ಮೇಲೆ ಕೊಂಬು ಬಾರದೆ ಇರುತ್ತದೆಯೇ? ನನಗೆ ಎರಡು ಕೊಂಬೂ ಬಂದಿದ್ದವು.

ಕಳೆದ ಮಳೆಗಾಲದ ಆರಂಭದಲ್ಲಿ ಮಗಳು ಬಂದಳು, ಏಳು ತಿಂಗಳ ಬಸುರಿ. ಬಯಕೆಯೋ, ಪತ್ರೊಡೆಯಲ್ಲ, ಹಲಸಿನ ಹಣ್ಣಿನ ಕಡುಬಲ್ಲ, ಪಿಜ್ಜಾ! ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನಲಾಗುತ್ತದೆಯೇ? ಹೊಸಂಗಡಿ ಪೇಟೆಯಿಂದ ತಂದು ಎರಡು ತಿಂಗಳ ಹಿಂದೆ ವಿಷು ಹಬ್ಬಕ್ಕೆ ತೆರೆದ, ಪಿಜ್ಜಾಕ್ಕೆ ಹಚ್ಚುವ ಸಾಸಿನ ಬಾಟ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಅರ್ಧ ಉಳಿದಿತ್ತು. ಮುಚ್ಚಳ ಉಬ್ಬಿತ್ತು. ತಿರುಗಿಸಿದರೆ ಟುಸ್ಸೆಂದು ಗಾಳಿ ಹೋಯಿತು. ಒಳಗೆ ಬಿಳಿ ಬೂಷ್ಟು, ಹುಳಿ ಹೆಂಡದ ವಾಸನೆ.

ಯಜಮಾನರು ಕನ್ನಡಕ ಏರಿಸಿ ಬಾಟ್ಲಿಯ ಚೀಟಿ ಓದಿದರು. "ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ವಾರದೊಳಗೆ ಮುಗಿಸಿ ಅಂತ ಬರೆದದ್ದುಂಟಲ್ಲ. ಇದು ಬಿಸಾಡುವ ವಸ್ತು ಮಾರಾಯ್ತಿ."

"ಅದು ಇನ್ನೊಂದು ಬಾಟ್ಲಿ ಮಾರ್ಲಿಕ್ಕೆ ಬರೆದದ್ದು. ನಾನು ಕಾಣದ ಬೂಷ್ಟಾ? ಮೇಲಿನದ್ದು ತೆಗೆದು ಕುದಿಸಿದರೆ ಎಂತದೂ ಆಗುದಿಲ್ಲ. ನೀವು ಸುಮ್ಮನೆ ಕೂತ್ಕೊಳ್ಳಿ."

ಪಾಪ, ಕೂತರು. ನಾನು ಉಪ್ಪಿನಕಾಯಿಗೆ ಮಾಡುವ ಹಾಗೆ ಬೂಷ್ಟನ್ನು ಕೆರೆದು ತೆಗೆದೆ, ಉಳಿದದ್ದನ್ನು ಕುದಿಸಿದೆ. ವಾಸನೆ ಅಡಗಲಿ ಎಂದು ಇಂಗಿನ ಒಗ್ಗರಣೆಯನ್ನೂ ಕೊಟ್ಟೆ. ಇಂಗು ಬಿದ್ದ ಮೇಲೆ ಇಟಲಿಯವರಿಗೂ ಗುರುತು ಸಿಗುತ್ತಿರಲಿಲ್ಲ. ದೋಸೆ ಕಾವಲಿಯಲ್ಲಿ ಪಿಜ್ಜಾ ತಯಾರಾಯಿತು.

ಮೊದಲ ತುಂಡನ್ನು ಯಜಮಾನರಿಗೆ ಹಾಕಿದೆ. ಅವರು ನನ್ನ ಮುಖ ನೋಡಿ ತಿನ್ನತೊಡಗಿದರು. ಎರಡನೆಯದನ್ನು ಹಿಡಿದು ಮಗಳ ಹತ್ತಿರ ಹೋದೆ.

ಅಡುಗೆಮನೆಯ ಕಥೆ ಗೊತ್ತಿಲ್ಲದ ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದನ್ನು ಚಾಚಿದಳು. "ಹೊರಗಿನದ್ದು ತಿನ್ನಲಿಕ್ಕೆ ಹೆದರಿಕೆ ಅಮ್ಮ. ನೀನು ಮಾಡಿದ್ದಾದರೆ ಕಣ್ಣು ಮುಚ್ಚಿ ತಿನ್ನಬಹುದು."

ಅಯ್ಯೋ ದೇವರೇ! ಭರಣಿಯನ್ನು ಇಷ್ಟು ವರ್ಷ ಕಾದದ್ದು ನನ್ನ ಕೈಯಲ್ಲ, ಹಿಡಿ ಹಿಡಿ ಸುರಿದ ಉಪ್ಪು. ಈ ಸಾಸಿನಲ್ಲಿ ಉಪ್ಪು ಹೆಸರಿಗೆ ಮಾತ್ರ. ಕೆರೆದದ್ದು ಕಣ್ಣಿಗೆ ಕಂಡ ಬೂಷ್ಟು. ತಳಕ್ಕೆ ಇಳಿದದ್ದನ್ನು ನಾನು ಕಂಡಿದ್ದೇನೆಯೇ? ಕುದಿಸಿದರೆ ವಿಷ ಹೋಗುತ್ತದೆಂದು ಹೇಳಿದವರು ಯಾರು? ನಾನೇ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ತಟ್ಟೆಯನ್ನು ಹಿಂದೆ ಎಳೆದುಕೊಂಡೆ.

"ಬೇಡ ಮಗಾ, ಸಾಸು ಹಾಳಾಗಿದೆ. ನೀನು ತಿನ್ನುವುದು ಬೇಡ."

ಹಿಂದಿನಿಂದ ಕೇಳುತ್ತಿದ್ದ ಅಗಿಯುವ ಸದ್ದು ನಿಂತಿತು.

"ಹಾಗಾದರೆ," ಎಂದರು ಯಜಮಾನರು, ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ, "ನನಗೆ ಎಂತಕ್ಕೆ ಬಡಿಸಿದ್ದು?"