ಹಿನ್ನೀರಿನ ದಂಡೆಗೆ ಹೋಗುವ ಕುರಿದಾರಿ

ಹೋದ ತಿಂಗಳು ಬೀಳಗಿಯಿಂದ ಜಮಖಂಡಿಗೆ ಬರುವಾಗ ಅಡ್ಡಮಳೆ ಹಿಡಿಯಿತು. ಬಸ್ಸಿನ ಗಾಜುಗಳನ್ನೆಲ್ಲ ಎಳೆದರು. ತೊಯ್ದ ಕಂಬಳಿ ಹೊದ್ದ ಮುದುಕನೊಬ್ಬ ಬಂದು ನನ್ನ ಪಕ್ಕ ಕೂತ. ಹಸಿ ಉಣ್ಣೆ, ಒಲೆಯ ಹೊಗೆ, ಕುರಿಯ ಮೈ, ಒಂದಿಷ್ಟು ದೇವರ ಭಂಡಾರದ ಅರಿಶಿನ... ಎಲ್ಲ ಸೇರಿದ ಆ ವಾಸನೆಗೆ ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನನಗೆ ಕಾಕಾ ನೆನಪಾದ.

ವಾಸನೆಯಿಂದ ಏಳುವ ನೆನಪು ಸುಳ್ಳಾಗುವುದಿಲ್ಲ ಎನ್ನುತ್ತಾರೆ. ನಾನು ನಂಬುವುದಿಲ್ಲ. ವಾಸನೆ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುತ್ತದೆ, ಅಷ್ಟೇ. ಅವನ ಬಾಯಲ್ಲಿ ಮಾತು ತುಂಬುವವರು ನಾವು. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಎಷ್ಟು ಕಾಕಾನದು, ಎಷ್ಟು ನನ್ನದು ಎಂಬುದನ್ನು ಬೇರ್ಪಡಿಸಿ ಹೇಳುವ ಧೈರ್ಯ ನನಗಿಲ್ಲ.

ಕಾಕಾ ನನ್ನ ಬಳಗದವನಲ್ಲ. ಬೀಳಗಿಯಾಚೆ ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ನಾನು ಧಾರವಾಡದಲ್ಲಿ ಭೂಗೋಳ ಓದಿ ಮುಗಿಸಿ, ನೌಕರಿ ಸಿಗದೆ, ಒಂದು ಕಡೆ ನಿಲ್ಲಲೂ ಆಗದೆ ಅಲೆಯುತ್ತಿದ್ದ ಕಾಲ. ಜಮಖಂಡಿಯ ವ್ಯಾಪಾರಿಯೊಬ್ಬರು ಕಾರವಾರದ ಕಡೆ ಪ್ರವಾಸ ಹೋಗಿ, ಗೈಡಿನ ಹಿಂದೆ ಕಡಲ ತೀರದ ಕಾಡಿನಲ್ಲಿ ನಡೆದು, ಬಿದಿರಿನ ಕುಟೀರದಲ್ಲಿ ಉಳಿದು ಬಂದಿದ್ದರು. ಅಂಥದ್ದೇ ಇಲ್ಲೂ ಆಗಬೇಕೆಂದು ಅವರ ತಲೆಗೆ ಹೊಕ್ಕಿತು. ನಮ್ಮಲ್ಲಿ ಕಡಲಿಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಆಚೆ ದಂಡೆ ಮಸುಕಾಗುವಷ್ಟು ನೀರು ನಿಲ್ಲುತ್ತದೆ. ಚಳಿಗಾಲಕ್ಕೆ ದೂರದ ಹಕ್ಕಿಗಳು ಬರುತ್ತವೆ. ಅವರು ದಂಡೆಗೆ ಹೊಂದಿದ ಹೊಲ ಕೊಂಡು ಮಣ್ಣಿನ ಗೋಡೆ ಎಬ್ಬಿಸಿದರು, ಮಾಡಿಗೆ ಕಬ್ಬಿನ ಒಣಗರಿಯ ರವದಿ ಹೊದಿಸಿದರು, ಬನಹಟ್ಟಿ ಮಗ್ಗದ ಚಾದರ ಹಾಸಿದರು, ಬಿಸಿಲಿನಿಂದ ಉರಿಯುವ ದೀಪ ಕೂಡಿಸಿದರು, ಸುತ್ತ ತಂತಿ ಎಳೆದು ಗೇಟು ನಿಲ್ಲಿಸಿದರು. ಬಂದವರಿಗೆ ಹಕ್ಕಿಗಳ ಹೆಸರು ಹೇಳುವ ಕೆಲಸ ನನ್ನದು. ಮುಂದೆ ನಡೆದು ದಾರಿ ತೋರುವುದು ಕಾಕಾನ ಕೆಲಸ.

ಕುಟೀರವನ್ನು ಮೊದಲ ಸಲ ಒಳಹೊಕ್ಕು ನೋಡಿ ಬಂದ ಕಾಕಾ ಗೋಡೆ ತಟ್ಟಿ ಹೇಳಿದ್ದ: "ಇಂಥಾ ಮನ್ಯಾಗ ನಾ ಹುಟ್ಟೇನ್ಲೇ ಮಾಸ್ತರ. ಯಾರೂ ನೋಡಾಕ ಬರಲಿಲ್ಲ."

ಅವನು ಕೂಲಿಗಾಗಿ ಒಪ್ಪಿದ್ದಲ್ಲ. ವ್ಯಾಪಾರಿ ಕೊಂಡ ಹೊಲದ ನಡುವೆ ಕುರಿದಾರಿಯೊಂದು ನೀರಿಗೆ ಇಳಿಯುತ್ತಿತ್ತು. ಗುಡ್ಡದಲ್ಲಿ ಮೇಯ್ದ ಮಂದೆ ಮಧ್ಯಾಹ್ನ ಆ ದಾರಿಯಿಂದ ಬಂದು ನೀರು ಕುಡಿದು, ದಂಡೆಯ ಹುಲ್ಲು ಮೇಯ್ದು ಹಿಂದಿರುಗುವುದು ಅವನ ಅಪ್ಪನ ಕಾಲದಿಂದ ನಡೆದುಬಂದಿತ್ತು. ಅಕ್ಕಪಕ್ಕದ ದಾರಿಗಳೆಲ್ಲ ಕಬ್ಬಿನ ಹೊಲಗಳ ತಂತಿಬೇಲಿಯೊಳಗೆ ಸೇರಿಹೋಗಿದ್ದವು. ಉಳಿದದ್ದು ಇದೊಂದೇ. ಇದೂ ಮುಚ್ಚಿದರೆ ಡಾಂಬರು ರಸ್ತೆ ಹಿಡಿದು ಲಾರಿ, ಟ್ರ್ಯಾಕ್ಟರುಗಳ ನಡುವೆ ಬಹಳ ದೂರ ಸುತ್ತಬೇಕು. ಬೇಸಿಗೆಯಲ್ಲಿ ಮರಿಗಳಿಗೆ ಅದು ಆಗದ ಮಾತು.

"ನಮ್ಮ ಮಂದೀನ ನೀ ಅಡ್ಡಾಡಿಸು, ನಿನ್ನ ಕುರಿ ಎಂದಿನಂಗ ಹೋಗಲಿ" ಎಂದರು ವ್ಯಾಪಾರಿ.

"ನೀರಿಗೆ ದಾರಿ ಬಿಟ್ಟರ ಆತ್ರಿ ಸಾವಕಾರ್ರ. ಬೀರಪ್ಪನ ಆಣಿ, ನಿಮ್ಮ ಮಂದೀನ ಕುರಿಗಿಂತ ಛಲೋ ನೋಡ್ಕೋತೇನಿ" ಎಂದ ಕಾಕಾ.

ಅದು ಬೇವಿನ ಗಿಡದ ಕೆಳಗೆ ನಡೆದ ಮಾತು. ಕಾಗದವಿಲ್ಲ, ಸಾಕ್ಷಿ ಎಂದರೆ ನಾನು ಮತ್ತು ಕುಟೀರಕ್ಕೆ ಬಂದವರಿಗೆ ಬೇಯಿಸಿ ಹಾಕುತ್ತಿದ್ದ ಅಡಿಗೆಯ ಅಕ್ಕ. ಬೇವೋ, ಬನ್ನಿಯೋ... ಗಿಡದ ಬಗ್ಗೆ ನನಗೆ ಖಾತ್ರಿಯಿಲ್ಲ. ಮಾತಿನ ಬಗ್ಗೆ ಇದೆ.

ಕಾಕಾ ಸಾಧು ಮನುಷ್ಯನೇನಲ್ಲ. ಗಂಟಲು ದೊಡ್ಡದು, ಸುಳ್ಳಿಗೆ ಅಂಜುತ್ತಿರಲಿಲ್ಲ. ಬಂದವರಿಗೆ ರಾಜಹಂಸಗಳನ್ನು ತೋರಿಸಿ, "ಇವು ಲಂಕಾದಿಂದ ಬರತಾವ್ರಿ, ರಾವಣ ಸತ್ತಾಗ ರಕ್ತ ಸಿಡದು ಕಾಲು ಕೆಂಪಾಗ್ಯಾವು" ಎಂದು ಬಿಡುತ್ತಿದ್ದ. ನಾನು ಹಿಂದಿನಿಂದ ತಿದ್ದುತ್ತಿದ್ದೆ. "ಮಾಸ್ತರ ಪುಸ್ತಕದಾಗ ಬ್ಯಾರೆ ಐತಿ. ಪುಸ್ತಕಕ್ಕ ಇಲ್ಲಿ ನೀರಡಿಕಿ ಆಗೂದಿಲ್ಲ, ಬರ್ರಿ ಮುಂದ" ಎಂದು ಹೆಜ್ಜೆ ಹಾಕುತ್ತಿದ್ದ. ಜನ ನಕ್ಕು ಅವನ ಕಡೆಗೇ ಆಗುತ್ತಿದ್ದರು.

ಅವನು ನಡೆಯುವ ರೀತಿಯೇ ಬೇರೆ. ಹೆಗಲ ಮೇಲೆ ಅಡ್ಡ ಕೋಲು, ಅದರ ಮೇಲೆ ಎರಡೂ ಕೈ. ಎಂದೂ ತಿರುಗಿ ನೋಡುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಹೇಳಿದ: "ಮುಂದ ನಡಿಯಾಂವ ತಿರಗಿ ನೋಡಬಾರದು. ನೋಡಿದರ ಕುರಿ ನಿಲ್ಲತಾವ. ಇವಗ ದಾರಿ ಗೊತ್ತಿಲ್ಲ ಅಂತ ತಿಳಕೋತಾವ."

"ಮಂದಿ ಕುರಿ ಅಲ್ಲಲ್ಲ ಕಾಕಾ."

"ಖರೆ. ಕುರಿ ಹೇಳಿದ್ದು ಕೇಳತಾವ."

ಮಂದೆಯ ಹಿಂದೆ ಅವನ ನಾಯಿ ಇರುತ್ತಿತ್ತು. ಮುಧೋಳ ತಳಿಯ, ಸಣ್ಣ ಸೊಂಟದ ಹೆಣ್ಣುನಾಯಿ. ಅಡ್ಡ ಹೋದ ಕುರಿಯನ್ನು ಸಾಲಿಗೆ ತರುವುದು ಅದರ ಪಾಲು. ಮುಂದಿನವನು ನೋಡದೆ ನಡೆಯಬಹುದಾದದ್ದು ಅದರಿಂದಲೇ. ಮೊದಲ ದಿನ ನಾಯಿಯನ್ನೂ ಕರೆತಂದಿದ್ದ. ವ್ಯಾಪಾರಿ ಬೇಡವೆಂದರು.

"ನಾಯಿ ಕಂಡರ ಮಂದಿ ಅಂಜತಾರ ಕಾಕಾ."

"ಹಂಗಾರ ಹಿಂದ ಯಾರ್ರಿ?"

"ಹಿಂದ ಯಾರ ಯಾಕ ಬೇಕು? ಎಲ್ಲಾರೂ ಸಾಲಿ ಕಲತವ್ರು."

ಕಾಕಾ ಗೇಟಿನಾಚೆ ಕೂತಿದ್ದ ತನ್ನ ಕುರಿಗಳ ಕಡೆ ನೋಡಿದ. "ಆತು ಬಿಡ್ರಿ" ಎಂದ. ಅಷ್ಟಕ್ಕೇ ಒಪ್ಪುವವನಲ್ಲ ಅವನು. ದಾರಿಯ ಸಲುವಾಗಿ ಒಪ್ಪಿದ.

ಎರಡು ಚಳಿಗಾಲ ಎಲ್ಲ ಸುಸೂತ್ರವಾಗಿ ನಡೆಯಿತು ಅಂದುಕೊಂಡಿದ್ದೇನೆ. ಎರಡನೆಯದರ ಕೊನೆಗೆ, ನೀರು ಇಳಿಯತೊಡಗಿದ್ದಾಗ, ಬೆಳಗಾವಿಯ ನಿವೃತ್ತ ಶಿಕ್ಷಕಿಯೊಬ್ಬರು ಮಗನ ಸಂಸಾರದ ಜೊತೆ ಬಂದರು. ನೀರು ಇಳಿದ ಜಾಗದಲ್ಲಿ ಮಣ್ಣು ಮೇಲೆ ಒಣಗಿ ಹೆಂಚಿನ ಹಾಗೆ ಬಿರಿದಿರುತ್ತದೆ. ಒಳಗೆ ರಾಡಿ. ಕಾಕಾ ಗಟ್ಟಿ ನೆಲ ಹಿಡಿದು ಮುಂದೆ ನಡೆದಿದ್ದ. ನಾನು ನಡುವೆ, ದುರ್ಬೀನಿಗಾಗಿ ಜಗಳಾಡುತ್ತಿದ್ದ ಮಕ್ಕಳ ಜೊತೆಗಿದ್ದೆ. ಎಲ್ಲರಿಗಿಂತ ಹಿಂದಿದ್ದ ಆ ತಾಯಿ ಹಕ್ಕಿಯೊಂದರ ಫೋಟೋಕ್ಕೆಂದು ಪಕ್ಕಕ್ಕೆ ಇಳಿದರು. ಕೂಗು ಕೇಳಿ ನಾವು ತಿರುಗಿದಾಗ ಅವರು ತೊಡೆಯವರೆಗೆ ಹೂತಿದ್ದರು. ಫೋನು ಹಿಡಿದ ಕೈಯನ್ನು ಮೇಲೆತ್ತಿ ಹಿಡಿದಿದ್ದರು.

"ನನ್ನ ಬಿಡ್ರೋ, ಮೊದಲ ಫೋನ್ ಹಿಡೀರಿ!" ಎನ್ನುತ್ತಿದ್ದರು.

ಮಗ ಧುಮುಕಲು ಹೋದ. ಕಾಕಾ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ. ಹೆಗಲಿನ ಕಂಬಳಿ ತೆಗೆದು ರಾಡಿಯ ಮೇಲೆ ಹಾಸಿದ. "ಇದರ ಮ್ಯಾಲ ಕೈ ಊರಿ ಬೋರಲ ಬೀಳ್ರಿ ಅವ್ವಾರ. ಆಮ್ಯಾಲ ಮೊಣಕಾಲ ಇಡ್ರಿ."

ಅವರು ಅಂಥ ಹೊತ್ತಿನಲ್ಲೂ ಅನುಮಾನಿಸಿದರು. "ಕಂಬಳಿ ತುಳೀಬಾರದಲ್ಲೋ ಯಪ್ಪಾ, ದೇವರ ಗದ್ದಿಗಿ..."

"ಬೀರಪ್ಪಗ ನಾ ಹೇಳ್ತೇನಿ, ತುಳೀರಿ ನೀವು!"

ಹಾಗೆ ಮೇಲೆ ಬಂದರು. ಚಪ್ಪಲಿ ಹೋಯಿತು, ಜೀವ ಉಳಿಯಿತು. ಸಂಜೆ ಅವರು ಕಾಕಾನ ಕೈ ಹಿಡಿದು ಅತ್ತರು, ಮತ್ತೆ ನಕ್ಕರು. ಕಾಕಾ ಕಂಬಳಿ ತೊಳೆದು ಮರುದಿನ ಬೀರಪ್ಪನ ಗುಡಿಗೆ ಒಯ್ದು ಭಂಡಾರ ಹಚ್ಚಿ ತಪ್ಪೊಪ್ಪಿಗೆ ಮಾಡಿ ಬಂದ. ಅವನ ಮಟ್ಟಿಗೆ ಮುಗಿದಿತ್ತು. ಮಗನ ಮಟ್ಟಿಗೆ ಮುಗಿದಿರಲಿಲ್ಲ. ಊರಿಗೆ ಹೋಗಿ ಅಂತರ್ಜಾಲದಲ್ಲಿ ಬರೆದ: ದಾರಿ ತೋರುವವನು ಕೂಗು ಕೇಳುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಬರೆದದ್ದು ಸುಳ್ಳಲ್ಲ. ಬರಬೇಕಾದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಬಿಸಿಲು ಏರಿದ ಒಂದು ಮಧ್ಯಾಹ್ನ ಕಾಕಾನ ಮಂದೆ ಬಂದಾಗ ಗೇಟಿಗೆ ಬೀಗವಿತ್ತು. ಒಳಗೆ ವ್ಯಾಪಾರಿ ನಿಂತಿದ್ದರು.

"ಸಾವಕಾರ್ರ, ಗೇಟ ತಗೀರಿ."

"ಇನ್ನ ಆಗಂಗಿಲ್ಲ ಕಾಕಾ. ಕುರಿ ತುಳದು ತುಳದು ದಂಡಿ ರಾಡಿ ಆಗೇತಿ. ಅದಕ ಆ ಬೆಳಗಾವಿ ಅಕ್ಕಾರು ಸಿಗಬಿದ್ರು."

"ಆ ಕಡೆ ಕುರಿ ಹಾಯೂದ ಇಲ್ರಿ. ನಿಮಗೂ ಗೊತ್ತೈತಿ."

"ಅದೆಲ್ಲಾ ಬಿಡು. ನೀ ಒಮ್ಮೆರೆ ತಿರಗಿ ನೋಡಿದ್ದರ ಇದೆಲ್ಲಾ ಆಗತಿತ್ತೇನು?"

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ಕಾಕಾ ನಾಯಿಯ ವಿಷಯ ಎತ್ತಬಹುದಿತ್ತು, ಎತ್ತಲಿಲ್ಲ. ಗೇಟಿಗೆ ಬೆನ್ನು ಮಾಡಿ, ಕೋಲು ಹೆಗಲಿಗೇರಿಸಿ, ಬಂದ ದಾರಿಯಲ್ಲೇ ನಡೆಯತೊಡಗಿದ. ಕುರಿಗಳು ಕದಲಲಿಲ್ಲ. ನೀರಿನ ವಾಸನೆ ಅವಕ್ಕೆ ಸಿಕ್ಕಿತ್ತು. ಒಂದರ ಮೇಲೊಂದು ಬಿದ್ದು, ಗೇಟಿನ ಸರಳುಗಳಿಗೆ ಮೂಗು ತೂರಿಸಿ ಒದರುತ್ತಿದ್ದವು. ನಾಯಿ ಸುತ್ತಿ ಸುತ್ತಿ ಬೊಗಳಿತು. ಕಾಕಾ ನಾಲಿಗೆ ಹೊಡೆದು ಕರೆದ. ಮತ್ತೊಮ್ಮೆ ಕರೆದ. ಹಿಂದೆ ಗೊರಸಿನ ಸದ್ದು ಬರಲಿಲ್ಲ. ಆಗ ನಿಂತು, ತಿರುಗಿ ನೋಡಿದ...

ಆ ಮುಖವನ್ನು ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ. ಕಣ್ಣಿಗೆ ಅಡ್ಡ ಹಿಡಿದ ಅಂಗೈ, ತೆರೆದೇ ಇದ್ದ ಬಾಯಿ. ಆಮೇಲೊಮ್ಮೆ ರಬಕವಿ ಸಂತೆಯಲ್ಲಿ ಅಡಿಗೆಯ ಅಕ್ಕ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಆಕೆ ಬದನೆಕಾಯಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅವತ್ತ ನೀ ಎಲ್ಲಿದ್ದೆಪ್ಪಾ? ಅದೇನೋ ಇಂಟರ್‌ವ್ಯೂ ಅಂತ ಧಾರವಾಡಕ್ಕ ಹೋಗಿದ್ದಿ. ನೋಡಿದಾಕಿ ನಾನು. ನಾನ ನಿನಗ ಹೇಳಿದ್ದು."

ವಾದಿಸಿದೆ. ಆಕೆ ನಕ್ಕು, "ಹೂಂ, ಹಂಗಾರ ನೀನ ನೋಡಿರಬೇಕು ಬಿಡು" ಎಂದು ತಕ್ಕಡಿಯ ಕಡೆ ತಿರುಗಿದಳು. ಆಕೆ ಹೇಳಿದ್ದೇ ನಿಜವಿರಬಹುದು. ಹಾಗಿದ್ದರೆ ಆ ಅಂಗೈ ಯಾರದು, ಆ ಬಾಯಿ ಯಾರದು? ಓದಿದ ತಲೆ ಸಾಕ್ಷಿ ಕೇಳುತ್ತದೆ. ಆಕೆಯ ಕಣ್ಣಲ್ಲಿದ್ದ ಸಾಕ್ಷಿಯನ್ನೇ ನಾನು ಕದ್ದು ನನ್ನದು ಮಾಡಿಕೊಂಡಿರಬಹುದು. ಗೇಟು ಮುಚ್ಚಿದ್ದು ಮಾತ್ರ ಯಾರ ನೆನಪನ್ನೂ ಅವಲಂಬಿಸಿದ್ದಲ್ಲ.

ಕಾಕಾ ಆ ಬೇಸಿಗೆ ಡಾಂಬರು ರಸ್ತೆ ಸುತ್ತಿ ನೋಡಿದ. ಬಿಸಿಲಿಗೆ ಮರಿಗಳು ಬಿದ್ದು ಸತ್ತವು. ಮಳೆ ಬರುವ ಮೊದಲೇ ಮಂದೆಯನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದ. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟಿದ್ದೆ, ಆಮೇಲೆ ಇನ್ನೆಷ್ಟೋ ಕೆಲಸ ಬಿಟ್ಟೆ. ಈಗ ಬನಹಟ್ಟಿಯಲ್ಲಿ ಪಾಠ ಹೇಳುತ್ತೇನೆ. ಕುರಿಯಿಲ್ಲದ ಕಾಕಾ ಬೀಳಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ ಎಂದು ಕೇಳಿದ್ದೆ. ಹೋಗಿ ಕಾಣಬೇಕೆನ್ನುವಷ್ಟರಲ್ಲಿ ತೀರಿಕೊಂಡ ಸುದ್ದಿ ಬಂತು. ಅದೂ ತಡವಾಗಿ.

ಬಸ್ಸಿನಲ್ಲಿ ಆ ಮುದುಕ ಸಿಕ್ಕ ಮುಂದಿನ ಭಾನುವಾರ ದಂಡೆಗೆ ಹೋದೆ. ಕುಟೀರಗಳು ಪಾಳುಬಿದ್ದಿವೆ. ರವದಿಯ ಮಾಡು ಕುಸಿದು, ಮಣ್ಣಿನ ಗೋಡೆ ಮಳೆಗೆ ಕರಗಿ ಮೊಣಕಾಲೆತ್ತರ ಉಳಿದಿದೆ. ವ್ಯಾಪಾರಿ ಜಾಗ ಬಿಟ್ಟು ಬಹಳ ದಿನವಾಯಿತಂತೆ. ತಂತಿಯನ್ನು ಯಾರೋ ಬಿಚ್ಚಿ ಒಯ್ದಿದ್ದಾರೆ, ಗೇಟಿನ ಸರಳುಗಳೂ ಇಲ್ಲ. ಎರಡು ಕಂಬಗಳ ನಡುವಿನಿಂದ ದಾರಿ ನೇರ ನೀರಿಗೆ ಇಳಿಯುತ್ತದೆ. ತಡೆಯುವವರು ಯಾರೂ ಇಲ್ಲ. ನಾನು ಕೊನೆಯವರೆಗೆ ನಡೆದು ಸ್ವಲ್ಪ ಹೊತ್ತು ನಿಂತು ಬಂದೆ.

ಬರುವಾಗ ಕಾಕುವನ್ನು, ಕಾಕಾನ ಹೆಂಡತಿಯನ್ನು, ನೋಡಲು ಹೋದೆ. ಗುರುತು ಹಿಡಿದಳು. ಪಾಕೀಟು ಹಾಲಿನ ಚಹಾ ಮಾಡಿ ಕೊಟ್ಟಳು. ಹೇಳಬಾರದೆಂದುಕೊಂಡೇ ಹೇಳಿದೆ: "ಕಾಕೂ, ಈಗ ಅಲ್ಲಿ ಬೇಲಿ ಇಲ್ಲ. ದಾರಿ ಬಿಟ್ಟಾರ."

ಆಕೆ ಬಂದು ಹೊಸ್ತಿಲ ಮೇಲೆ ಕೂತಳು. ಆಮೇಲೆ ಕೇಳಿದಳು: "ನೀರ ಇಳದೈತೇನು?"

"ಇಳದೈತಿ."

"ಹಂಗಾರ ದಂಡ್ಯಾಗ ಹುಲ್ಲ ಬಂದಿರಬೇಕಲ್ಲ."

"ಬಂದೈತಿ ಕಾಕು" ಎಂದೆ.

ಎಷ್ಟು ಬಂದಿದೆ ಎಂದು ಆಕೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಣ್ಣು ಹಾಯುವವರೆಗೂ ಬಂದಿತ್ತು, ನನ್ನ ಮೊಣಕಾಲು ಮುಚ್ಚುವಷ್ಟು, ಯಾವ ಕುರಿಯೂ ಬಾಯಿ ಹಾಕದೆ.