ಎದುರು ಮನೆ ಅಂಕಲ್ಲರ ಏಣಿ

ಅಮೆರಿಕದ ಶಾಮ್‌ಬರ್ಗ್‌ನ ನಮ್ಮ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಹೋಮವಿದ್ದರೂ ಪುರೋಹಿತರಿಗಿಂತ ಮೊದಲು ಎದುರು ಮನೆಯ ಅಂಕಲ್ ಬರಬೇಕಿತ್ತು. ತಮ್ಮ ಏಣಿ ಹತ್ತಿ, ಹೊಗೆ ತಾಗಿದರೆ ಕಿರುಚುವ ಚಾವಣಿಯ ಸ್ಮೋಕ್ ಅಲಾರ್ಮುಗಳಿಗೆಲ್ಲ ಶವರ್ ಕ್ಯಾಪ್ ತೊಡಿಸಿ, ಇಳಿದು ಕೈ ಒರೆಸಿಕೊಂಡು, "ಇನ್ನ ಎಷ್ಟ್ ಬೇಕಾದ್ರೂ ಹೊಗಿ ಹಾಕ್ರಿ," ಎನ್ನುತ್ತಿದ್ದರು.

ಹುಬ್ಬಳ್ಳಿ ಕಡೆಯ ಎಂಜಿನಿಯರು. ಹೆಂಡತಿಯ ಎದುರು ದೇವರ ಮೇಲೆ ಆಣೆ ಮಾಡಿ ಸಿಗರೇಟು ಬಿಟ್ಟಿದ್ದರು. ಬಿಟ್ಟ ಮರುವಾರವೇ, ನಮ್ಮಲ್ಲಿ ಹಲವು ಗಂಡಸರ ಹಾಗೆ, ಹಣ್ಣಿನ ಪರಿಮಳದ ಹಬೆಯುಗುಳುವ ಪೆನ್ನಿನಂಥದೊಂದು ಇ-ಸಿಗರೇಟು ಅವರ ಜೇಬು ಸೇರಿತು. ಕಾರಿನಲ್ಲಿ ಮಾವಿನಹಣ್ಣಿನ ವಾಸನೆ ಏಕೆಂದು ಆಂಟಿ ಕೇಳಿದರೆ ಏರ್ ಫ್ರೆಶ್ನರ್ ಅಂದುಬಿಡುತ್ತಿದ್ದರು. ನಾವು ಕೆಣಕಿದರೆ, "ಇದು ಹೊಗಿ ಅಲ್ರೀ, ಬರೇ ಹಬಿ. ಆಣಿ ಎಲ್ಲಿ ಮುರೀತು?" ಎಂದು ನಮ್ಮನ್ನೇ ಕೇಳುತ್ತಿದ್ದರು.

ನಮ್ಮ ಗೃಹಪ್ರವೇಶದ ದಿನವೂ ಕೆಳಗಿನ ಅಲಾರ್ಮುಗಳಿಗೆಲ್ಲ ಕ್ಯಾಪ್ ಬಿತ್ತು. ಹೋಮದ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬಂದರೂ ಒಂದು ಅಲಾರ್ಮೂ ಸೊಲ್ಲೆತ್ತಲಿಲ್ಲ. ಪೂರ್ಣಾಹುತಿಗೆ ತುಸು ಮುಂಚೆ ಅಂಕಲ್ ಮೆಲ್ಲಗೆ ಮಹಡಿ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನ ಕೋಣೆಯಲ್ಲಿ, ಅವರು ಕ್ಯಾಪ್ ಹಾಕಲು ಮರೆತಿದ್ದ ಅಲಾರ್ಮು ಕಿರುಚತೊಡಗಿತು. ಪುರೋಹಿತರ ತುಪ್ಪದ ಸೌಟು ಗಾಳಿಯಲ್ಲೇ ನಿಂತಿತು.

ಅಂಕಲ್ ಮಾವಿನಹಣ್ಣಿನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಕೆಳಗಿಳಿದರು. ಮೆಟ್ಟಿಲ ಬುಡದಲ್ಲಿ ಆಂಟಿ ನಿಂತಿದ್ದರು.

"ಹೊಗಿ ಅಲ್ಲ, ಬರೇ ಹಬಿ," ಅಂದರು ಅಂಕಲ್, ಮೆಲುದನಿಯಲ್ಲಿ.

ಆಂಟಿ ಗೋಡೆಗೊರಗಿಸಿದ್ದ ಏಣಿಯನ್ನು ತಂದು ಅವರ ಕೈಗೆ ಕೊಟ್ಟರು.

"ನನಗ್ಯಾಕ ಹೇಳ್ತೀರಿ? ಮ್ಯಾಲೆ ಒದರಾಕತ್ತೈತಲ್ಲ, ಹತ್ತಿ ಅದಕ್ಕ ಹೇಳ್ರಿ."